ಸಾಹೇಬರಿಗೆ ಕಾಣದ ಮನೆ

ಕೆನಡಾದ ಬಯಲೆಂದರೆ ಸಾಮಾನ್ಯವೇ? ಇವತ್ತು ಕೂಗಿದರೆ ಆಚೆ ತುದಿಗೆ ನಾಡಿದ್ದು ಕೇಳಿಸುವಷ್ಟು ಅಗಲ! ರಷ್ಯಾದಿಂದ ಅಲ್ಲಿಗೆ ವಲಸೆ ಬಂದ ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದ ಹೆಂಗಸು ಆಗಾತಮ್ಮನ ಜಮೀನು ನೋಡಲು ಸರ್ಕಾರಿ ಸಾಹೇಬರು ಬಂದರು. ಕುದುರೆಯನ್ನು ಮೇಯಲು ಬಿಟ್ಟು, ಆಗಾತಮ್ಮನ ಜೊತೆ ದಿಬ್ಬವೊಂದನ್ನು ಹತ್ತಿದರು. ಎತ್ತ ನೋಡಿದರೂ ಬರೀ ಹುಲ್ಲು.

"ಮನೆಯೆಲ್ಲಮ್ಮ? ಮನೆ ಕಟ್ಟದವರಿಗೆ ಜಮೀನಿಲ್ಲ!"

"ಕಟ್ಟಿದೀವಿ ಸ್ವಾಮಿ."

"ಹಾಗಂತ ಬೈಬಲ್ ಮುಟ್ಟಿ ಆಣೆ ಮಾಡು."

"ನಮ್ಮ ಮತದಲ್ಲಿ ಆಣೆ ಇಡೋ ಹಾಗಿಲ್ಲ. ನೀವೇ ಒಂದ್ಸಲ ಕಾಲಿಂದ ಜೋರಾಗಿ ಕುಟ್ಟಿ ನೋಡಿ."

ಇವಳಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂದುಕೊಂಡೇ ಸಾಹೇಬರು ಕುಟ್ಟಿದರು. ನೆಲದೊಳಗಿಂದ ಗಂಡಸಿನ ದನಿ ಬಂತು: "ಯಾರಪ್ಪಾ ಅದು? ಸೂಪಿಗೆಲ್ಲ ಮಣ್ಣು ಬಿತ್ತು!"

ಸಾಹೇಬರು ಮೂರು ಮಾರು ಹಾರಿದರು.

"ಅದು ನಮ್ಮ ಯಜಮಾನ್ರು. ನೆಲ ತೋಡಿ ಕಟ್ಟಿದ ಮನೆ, ನೀವು ನಿಂತಿರೋದು ಸೂರಿನ ಮೇಲೆ," ಎಂದಳು ಆಗಾತಮ್ಮ. "ಬೇಗ ಬರ್ಕೊಳ್ಳಿ ಸ್ವಾಮಿ. ನಿಮ್ಮ ಕುದುರೆ ಆಗಲೇ ಅರ್ಧ ಮನೆ ಮೇದಾಯ್ತು."