ದೀಪ ಹಿಡಿದವಳು

“ಇಷ್ಟು ಚೆನ್ನಾಗಿ ಬೆಳಕು ಕೂಡಿಬಂದ ಶಾಟನ್ನು ಕತ್ತರಿಸಿ ಬಿಸಾಡುವುದು ಪಾಪವಲ್ಲವೇ, ಸರ್?” ಎಂದು ಮೇದಿನಿ ಕೇಳಿದಳು.

ತಿಪ್ಪೇರುದ್ರಪ್ಪ ಆ ಸಿನಿಮಾ ಶಾಲೆಯಲ್ಲಿ ಕ್ಯಾಮೆರಾ ಮತ್ತು ಬೆಳಕಿನ ಪಾಠ ಹೇಳುವವರು. ಮೇದಿನಿ ಕೊನೆಯ ವರ್ಷದ ವಿದ್ಯಾರ್ಥಿನಿ. ಅವಳ ಹನ್ನೆರಡು ನಿಮಿಷದ ದೆವ್ವದ ಸಿನಿಮಾ ಅಂದು ಸಂಜೆಯೊಳಗೆ ಪರೀಕ್ಷಕರ ಕೈಗೆ ಹೋಗಬೇಕಿತ್ತು.

“ಯಾವ ಶಾಟು?”

ಮೇದಿನಿ ಹೇಳಿದಳು. ಕತೆಯ ಹುಡುಗಿ ಎಣ್ಣೆದೀಪ ಹಿಡಿದು ಕತ್ತಲೆ ಕೋಣೆಯೊಳಗೆ ಹೋಗುತ್ತಾಳೆ. ಮೊದಲು ಮೇದಿನಿ ಕಿಟಕಿಗೆ ನೀಲಿ ಬೆಳಕು ಕೊಟ್ಟಳು. ಕೋಣೆ ಮದುವೆ ಛತ್ರದಂತೆ ಕಂಡಿತು. ಕ್ಯಾಮೆರಾವನ್ನು ನೆಲಕ್ಕೆ ಇಳಿಸಿದಳು. ಹುಡುಗಿಯ ಮೂಗಿನ ಹೊಳ್ಳೆಗಳಷ್ಟೇ ಭಯಂಕರವಾಗಿದ್ದವು. ಕೊನೆಗೆ ಎಲ್ಲ ಲೈಟು ಆರಿಸಿ, ಕಿಟಕಿಗೆ ಕಪ್ಪು ಬಟ್ಟೆ ಹೊದಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಓಡಲು ಬಿಟ್ಟು, ಹೇಳದೆ ಕೇಳದೆ ಹೊರಗಿನಿಂದ ಚಿಲಕ ಹಾಕಿದಳು. ಪಾತ್ರ ಮಾಡುತ್ತಿದ್ದವಳು ಗೆಳತಿ ದೇಚಮ್ಮ. ಮುಚ್ಚಿದ ಬಾಗಿಲೆಂದರೆ ಜೀವ ಹೋಗುತ್ತದೆಂದು ದೇಚಮ್ಮ ಹಿಂದೊಮ್ಮೆ ಮೇದಿನಿಯೊಬ್ಬಳ ಹತ್ತಿರವೇ ಹೇಳಿಕೊಂಡಿದ್ದಳು. ನಾಲ್ಕು ನಿಮಿಷ. ದೇಚಮ್ಮನ ಕೈ ನಡುಗಿತು, ಕೈಯ ಜೊತೆ ದೀಪ, ದೀಪದ ಜೊತೆ ನಾಲ್ಕೂ ಗೋಡೆ.

“ಈಗ ಅದನ್ನು ತೆಗಿ ಅಂತಾಳೆ ಸರ್. ಬಚ್ಚಲಿಗೆ ಹೋದರೂ ಬಾಗಿಲು ಹಾಕಿಕೊಳ್ಳುವುದಿಲ್ಲವಂತೆ. ಅತಿಯಾಯಿತು ಅಲ್ವಾ? ನೋಡಿದವರೆಲ್ಲ ಆ ಶಾಟಿಗೇ ಕೈ ಮುಗಿದಿದ್ದಾರೆ. ಅದು ಹೋದರೆ ಸಿನಿಮಾದಲ್ಲಿ ಉಳಿಯುವುದೇನು? ನನ್ನ ಹೆಸರು, ಅಷ್ಟೇ.”

ತಿಪ್ಪೇರುದ್ರಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕತೆ ಬರುತ್ತದೆಂದು ಮೇದಿನಿಗೆ ಗೊತ್ತಾಯಿತು. ಗಡಿಯಾರ ನೋಡಿಕೊಂಡಳು. ಅವರು ಹೇಳತೊಡಗಿದರು.

ಒಬ್ಬ ತೊಗಲುಗೊಂಬೆ ಆಡಿಸುವವನಿದ್ದ. ಪರದೆಯ ಹಿಂದೆ ಅವನು ಗೊಂಬೆ ಹಿಡಿದರೆ ಹೆಂಡತಿ ದೀಪ ಹಿಡಿಯುತ್ತಿದ್ದಳು. ಉಳಿದವರ ಹಾಗೆ ದೀಪವನ್ನು ತೂಗುಹಾಕುವ ಪದ್ಧತಿ ಅವರಲ್ಲಿ ಇರಲಿಲ್ಲ. ರಾಕ್ಷಸ ಬಂದಾಗ ಅವಳು ದೀಪವನ್ನು ಗೊಂಬೆಯ ಹತ್ತಿರ ತರುವಳು. ನೆರಳು ಪರದೆ ತುಂಬುವುದು. ಆದರೂ ಜನ ಹೆದರುತ್ತಿರಲಿಲ್ಲ. ಕಡಲೆಕಾಯಿ ಸುಲಿಯುತ್ತ ನೋಡುತ್ತಿದ್ದರು.

ಒಂದು ಊರಿನಲ್ಲಿ ದೀಪಕ್ಕೆ ಎಣ್ಣೆ ಹೆಚ್ಚಾಯಿತು. ಕಾದ ಎಣ್ಣೆ ತುಳುಕಿ ಅವಳ ಹೆಬ್ಬೆರಳ ಮೇಲೆ ಬಿತ್ತು. ಕೈ ನಡುಗಿತು. ಪರದೆಯ ಮೇಲೆ ರಾಕ್ಷಸ ಉಸಿರಾಡಿದ. ಮುಂದಿನ ಸಾಲಿನವರು ಎದ್ದು ಹಿಂದಕ್ಕೆ ಸರಿದರು.

ಮರುದಿನದಿಂದ ಗೊಂಬೆಯವನು ದೀಪಕ್ಕೆ ತಾನೇ ಎಣ್ಣೆ ಹಾಕತೊಡಗಿದ. ಅಂಚಿನವರೆಗೂ ಹಾಕಿದ. ಅವಳು ಕೈಗೆ ಬಟ್ಟೆ ಸುತ್ತಿಕೊಂಡರೆ, ಹಿಡಿತ ತಪ್ಪುತ್ತದೆ ಎಂದು ಬಿಚ್ಚಿಸಿದ.

“ಸ್ವಲ್ಪ ಕಡಿಮೆ ಹಾಕ್ರೀ,” ಅಂದಳು ಅವಳು.

“ನಿನ್ನಿಂದಲೇ ಕಣೇ ನಮ್ಮ ಆಟಕ್ಕೆ ಹೆಸರು,” ಅಂದ ಅವನು. ಸುಳ್ಳೇನಲ್ಲ. ಹೊಗಳಿ ಬಾಯಿ ಮುಚ್ಚಿಸುವುದು ಅವನಿಗೆ ಬರುತ್ತಿತ್ತು.

ಹೆಸರು ಊರಿಂದೂರಿಗೆ ಹಬ್ಬಿತು. ಜನ ರಾಕ್ಷಸನನ್ನು ನೋಡಲೆಂದೇ ಗಾಡಿ ಕಟ್ಟಿಕೊಂಡು ಬಂದರು. ಆಟ ಮುಗಿದ ಮೇಲೆ ಪರದೆಯ ಹಿಂದೆ ನುಗ್ಗಿ ಗೊಂಬೆಯನ್ನು ಮುಟ್ಟಿ ನೋಡಿದರು. ಬರೀ ಚರ್ಮ ಎಂದು ಬೆರಗಾದರು. ದೀಪದ ಕಡೆ ಯಾರೂ ತಿರುಗಲಿಲ್ಲ. ದೀಪ ಇರುವುದೇ ಬೇರೆಯದನ್ನು ನೋಡುವುದಕ್ಕಲ್ಲವೇ.

ಒಂದು ವರ್ಷ ಹೀಗೆ ನಡೆಯಿತು. ಆಮೇಲೊಂದು ದಿನ, ತುಂಬಿದ ಜನರೆದುರು, ರಾಕ್ಷಸ ಗೋಡೆಗೆ ಬರೆದ ಚಿತ್ರದ ಹಾಗೆ ನಿಂತುಬಿಟ್ಟ. ಮಿಸುಕಲಿಲ್ಲ. ಜನ ಕೆಮ್ಮಿದರು. ಒಬ್ಬೊಬ್ಬರಾಗಿ ಎದ್ದರು. ಗೊಂಬೆಯವನು ಹಲ್ಲು ಕಚ್ಚಿ, “ಎಣ್ಣೆ ಬೀಳಲಿಲ್ಲವೇನೇ?” ಅಂದ.

ಅವಳು ಕೈ ನೋಡಿಕೊಂಡಳು. “ಬಿದ್ದಿದೆ,” ಅಂದಳು. “ನನಗೆ ಗೊತ್ತೇ ಆಗಲಿಲ್ಲ.”

ತಿಪ್ಪೇರುದ್ರಪ್ಪ ಅಲ್ಲಿಗೆ ನಿಲ್ಲಿಸಿದರು. ಮೇದಿನಿಗೆ ತಡೆಯಲಾಗಲಿಲ್ಲ.

“ಆಮೇಲೆ, ಸರ್? ರಾಕ್ಷಸ ಮತ್ತೆ ಉಸಿರಾಡುವ ಹಾಗೆ ಮಾಡುವುದಕ್ಕೆ ಅವನು ಬೇರೆ ಏನು ದಾರಿ ಹುಡುಕಿದ?”

“ಅವಳ ಕೈ ಏನಾಯಿತು ಅಂತ ನೀನೂ ಕೇಳಲಿಲ್ಲ,” ಎಂದರು ತಿಪ್ಪೇರುದ್ರಪ್ಪ.