ತಂಗಿಮೆಟ್ಟಿಲು

ಕಡಸೂರು ಕೋಟೆಯ ತೆಂಕಣ ಬಾಗಿಲಿನಿಂದ ಇಳಿದರೆ ಪಟ್ಟಣದ ನಡುವೆ ಹರಿಯುವ ಹಳೆಯ ಕಾಲುವೆ ಸಿಗುತ್ತದೆ. ನೋಡಲು ಬಂದವರು ಕಾಲುವೆ ಕಟ್ಟಿಸಿದ ಅರಸನ ಶಾಸನದ ಮುಂದೆ ನಿಂತು, ಆಮೇಲೆ ಸೇತುವೆಯವರೆಗೆ ನಡೆದು, ದಣಿವಾರಿಸಿಕೊಳ್ಳಲು ಕೂರುವ, ನೀರಿಗಿಳಿಯುವ ಹನ್ನೊಂದು ಮೆಟ್ಟಿಲುಗಳಿಗೆ ತಂಗಿಮೆಟ್ಟಿಲು ಎಂದು ಹೆಸರು. ದಾರಿಹೋಕರು ತಂಗುತ್ತಿದ್ದುದರಿಂದ ಈ ಹೆಸರು ಎಂದು ಕೆಲವರು ಹೇಳುವುದುಂಟು. ಊರಿನ ಹಿರಿಯರು ಅದನ್ನು ಒಪ್ಪುವುದಿಲ್ಲ.

ಹಿಂದೆ ಒಮ್ಮೆ, ಕಾಲುವೆಗೆ ನೀರು ಬಿಟ್ಟ ಮರುವರ್ಷ, ಗಾಳೆವ್ವ ಎಂಬ ಹೆಣ್ಣುಮಗಳು ಎಂಟು ದಿನ ನಡೆದು ಇಲ್ಲಿಗೆ ಬಂದಳು ಎನ್ನುತ್ತಾರೆ. ಅವಳ ಅಣ್ಣ ತಿಪ್ಪಣ್ಣ ಈ ಕಾಲುವೆಗೆ ಕಲ್ಲು ಕಡಿಯುತ್ತಿದ್ದಾಗ ಬಂಡೆ ಉರುಳಿ ಸತ್ತಿದ್ದ. ಅವನನ್ನು ಹೂಳಿದ ಜಾಗ ತೋರಿಸುವವರೂ ಇರಲಿಲ್ಲ. ತಾನು ಕಡಿದ ಪ್ರತಿ ಕಲ್ಲಿಗೂ ಅವನು ಗುಬ್ಬಿಕಾಲಿನಂತೆ ಮೂರು ಗೆರೆ ಹೊಡೆಯುತ್ತಿದ್ದನೆಂಬುದು ಅವಳಿಗೆ ಗೊತ್ತಿತ್ತು. ಅಂಥ ಒಂದು ಕಲ್ಲನ್ನು ಮುಟ್ಟಿ ಹೋದರೆ ಸಾಕೆಂದು ಬಂದವಳಿಗೆ, ಕೇಳಿದವರೆಲ್ಲ ಅರಸನ ಶಾಸನವನ್ನೇ ತೋರಿಸಿದರು. ಮೂಡಣ ತೂಬಿನಿಂದ ಪಡುವಣ ತೂಬಿನವರೆಗೆ ಎರಡು ದಿನ ಅಲೆದಳು. ಎದೆಮಟ್ಟ ನೀರಿಗಿಳಿದು ಪಾಚಿ ಕೆರೆದಳು, ಉಗುರು ಕಿತ್ತುಬಂದವು. ಒಂದು ಗೆರೆಯೂ ಸಿಗಲಿಲ್ಲ.

ಮೂರನೆಯ ದಿನ, ಕಾಲುವೆ ಕಾಯುತ್ತಿದ್ದ ನೀರುಗಂಟಿ ಚಂದ್ರಾಮ ಕನಿಕರಪಟ್ಟು ಇದ್ದದ್ದನ್ನು ಹೇಳಿದ. "ಗುರುತಿನ ಮಗ್ಗಲು ಗ್ವಾಡಿ ಒಳಗ ಹೋಗ್ಯದ ತಾಯಿ. ನೀರಿನ ಕಡೆ ನುಣುಪಿರಬೇಕಂತ ಅರಸರ ಅಪ್ಪಣಿ."

"ಹಂಗಾದ್ರ ನಮ್ಮಣ್ಣನ ಕಲ್ಲು ಎಲ್ಲಿ?"

"ಇಲ್ಲೇ ಎಲ್ಲೋ ಇರ್ತಾವ."

"ಎಲ್ಲೋ ಅಂದ್ರ ಎಲ್ಲಿ?" ಎಂದು ಗಾಳೆವ್ವ ಕೂಗಿದಳು. ಪಕ್ಕದಲ್ಲಿ ಮೆಟ್ಟಿಲು ಕೂರಿಸುತ್ತಿದ್ದ ಕಲ್ಲುಕುಟಿಗನ ಕೈಯಿಂದ ಉಳಿ, ಸುತ್ತಿಗೆ ಕಸಿದುಕೊಂಡು ಐದನೆಯ ಮೆಟ್ಟಿಲಿನ ಅಂಚಿಗೆ ಬಡಿಯತೊಡಗಿದಳು. ಅರಸರ ಕಲ್ಲು ಕೆಡಿಸಬೇಡವೆಂದು ಚಂದ್ರಾಮ ಓಡಿಬಂದನಾದರೂ ಅವಳ ಮುಖ ನೋಡಿ ಹಿಂದೆ ಸರಿದ. ಉಳಿ ಜಾರಿ ಹೆಬ್ಬೆರಳು ಸೀಳಿತು. ಅವಳು ನಿಲ್ಲಿಸಲಿಲ್ಲ. ಕೊನೆಗೆ ಮೂಡಿದ ಸೊಟ್ಟ ಗೆರೆಗಳನ್ನು ನೋಡಿ, "ಇದು ಅವನ ಕೈಯಂಗ ಬರಲಿಲ್ಲ" ಎಂದು ಸುತ್ತಿಗೆ ಎಸೆದು ಎದ್ದುಹೋದಳು. ಮತ್ತೆ ಈ ಊರಿಗೆ ಬರಲಿಲ್ಲವಂತೆ.

ಮುಂದೆ ಹೂಳೆತ್ತಲು ನೀರು ನಿಲ್ಲಿಸಿದಾಗ, ಇಲ್ಲಿ ಸತ್ತ ಬೇರೆ ಕಲ್ಲುಕುಟಿಗರ ಮನೆಯವರೂ ತಮ್ಮವರ ಗುರುತು ಕೊರೆಯಲು ಒಬ್ಬೊಬ್ಬರಾಗಿ ಉಳಿ ಹಿಡಿದು ಬಂದರು. ಚಂದ್ರಾಮ ಯಾರನ್ನೂ ತಡೆಯಲಿಲ್ಲ ಎನ್ನುತ್ತಾರೆ. ಬೇಸಿಗೆಯಲ್ಲಿ ನೀರಿಳಿದಾಗ ಹೋದವರಿಗೆ ಆ ಮೆಟ್ಟಿಲುಗಳ ಮೇಲೆ ಮೀನು, ಚೇಳು, ಕುಡುಗೋಲಿನ ಗುರುತುಗಳು ಇಂದಿಗೂ ಕಾಣುತ್ತವೆ. ಐದನೆಯದರ ಅಂಚಿನಲ್ಲಿ ಒಂದಕ್ಕೊಂದು ಕೂಡದ ಮೂರು ಗೆರೆಗಳಿವೆ. ಒಗೆಯಲು ಬರುವ ಹೆಂಗಸರು ಆ ಮೆಟ್ಟಿಲಿನ ಮೇಲೆ ಬಟ್ಟೆ ಬಡಿಯುವುದಿಲ್ಲ.