ಅಜ್ಜಿ ಮೊಟ್ಟೆಯಿಟ್ಟ ಜಾಗ

ಅಜ್ಜಿ ಮೊಟ್ಟೆಯಿಟ್ಟ ಜಾಗಕ್ಕೇ ಮೊಮ್ಮಗಳೂ ಹೋದಳು. ಒಂದು ಗೇಣೂ ಆಚೀಚೆ ಆಗಲಿಲ್ಲ, ಆದರೂ ಜಾಗ ತಪ್ಪಿತು. ಹೇಗೆ? ಸುಮ್ಮನೆ ತಲೆ ಕೆರೆದುಕೊಳ್ಳಬೇಡಿ, ಮೊಮ್ಮಗಳಾದ ಕಡಲಾಮೆಗೇ ಅದು ಗೊತ್ತಾಗಲಿಲ್ಲ.

ಹೊಟ್ಟೆ ತುಂಬ ಮೊಟ್ಟೆ ಹೊತ್ತು ದಡ ಹತ್ತಿದವಳು ಮರಳು ತೋಡಿದಳು. ಗುಂಡಿಯಲ್ಲಿ ಉಪ್ಪುನೀರು ಒಸರಿತು.

"ಮೇಲೆ ಹೋಗು ಮಾರಾಯ್ತಿ, ಈ ನೀರಲ್ಲಿ ಮೊಟ್ಟೆಯೊಳಗೇ ಮರಿ ಸಾಯ್ತದೆ," ಎಂದಿತು ಏಡಿ.

"ನಮ್ಮ ವಂಶದವರು ಹುಟ್ಟಿದ ಜಾಗ ಬಿಡುವುದಿಲ್ಲ."

"ನೀನು ಬಿಡದಿದ್ದರೇನು, ಜಾಗವೇ ನಿನ್ನನ್ನು ಬಿಟ್ಟಿತಲ್ಲ!"

ದಕ್ಷಿಣ ಧ್ರುವದಿಂದ ಹಾರಿ ಬಂದಿದ್ದ ಕಡಲಹಕ್ಕಿ ಹೇಳಿತು: "ಅಲ್ಲಿ ನೆಲದ ಮೇಲೆ ಕೂತಿದ್ದ ಹಿಮದ ಗುಡ್ಡಗಳು ಕರಗಿ ಕಡಲಿಗೆ ಇಳಿಯುತ್ತಿವೆ, ಅಕ್ಕಾ. ಅದಕ್ಕೇ ನೀರು ಏರಿದೆ."

"ಅಷ್ಟು ದೂರದ ನೀರಿಗೆ ನನ್ನ ಮೊಟ್ಟೆಯ ವಿಳಾಸ ಕೊಟ್ಟವರು ಯಾರು?"

"ವಿಳಾಸ ಯಾಕೆ? ಕಡಲೆಲ್ಲ ಒಂದೇ ಹಂಡೆ. ಆ ಬದಿಯಲ್ಲಿ ಸುರಿದರೆ ಈ ಬದಿಯಲ್ಲೂ ಏರುತ್ತದೆ."

ಆಮೆ ಮತ್ತೆ ವಾದಿಸಲಿಲ್ಲ. ಹುಟ್ಟಿದ ಜಾಗಕ್ಕೆ ಬೆನ್ನು ಹಾಕಿ ತೆವಳುತ್ತ ಮೇಲೇರಿದಳು. ಅಲ್ಲಿ ಮನುಷ್ಯರು ತಮ್ಮ ಮನೆ ಉಳಿಸಿಕೊಳ್ಳಲು ಒಟ್ಟಿದ ಕಲ್ಲಿನ ತಡೆಗೋಡೆ ಎದುರಾಯಿತು.

"ಈಗೆಲ್ಲಿಗೆ ಹೋಗಲಿ?" ಎಂದಳು.

ಆಗ ಗೋಡೆಯ ಒಂದು ಕಲ್ಲು "ಬಾ ತಾಯಿ" ಎನ್ನುತ್ತ ಪಕ್ಕಕ್ಕೆ ಸರಿಯಿತು. ಆಚೆಗಿನ ಒಣಮರಳಿನಲ್ಲಿ ಅವಳು ನೆಮ್ಮದಿಯಾಗಿ ಮೊಟ್ಟೆಯಿಟ್ಟಳು.

ಈ ಕೊನೆ ಮಾತ್ರ ನಾನೇ ಕಟ್ಟಿದ್ದು. ಏಡಿ ಮಾತಾಡಿತೆಂದರೆ ನಂಬಿದಿರಿ, ಇರಲಿ. ಆದರೆ ಮನುಷ್ಯರು ಇಟ್ಟ ಕಲ್ಲು ಎಂದಾದರೂ ತಾನಾಗಿ ಸರಿಯುತ್ತದಾ?